ಮಾಡಿನ ಕೆಳಗಿನ ಕಿಂಡಿ

ನಾನು ಶಾಲೆ ಬಿಟ್ಟಾಗ ನಾಲ್ಕನೇ ಇಯತ್ತೆಯ ಪುಸ್ತಕದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಪಾಠ ಉಳಿದಿದ್ದವು. ಅವನ್ನೂ ಓದಿ ಮುಗಿಸಿದ್ದರೆ ನನ್ನ ಕೈಯಿಂದ ಆ ತಪ್ಪು ಆಗುತ್ತಿರಲಿಲ್ಲ ಎಂದು ಯಾರಾದರೂ ಹೇಳಬಹುದು. ನಾನು ಒಪ್ಪುವುದಿಲ್ಲ. ತಪ್ಪು ಆದದ್ದು ಓದು ಬಾರದ್ದರಿಂದಲ್ಲ, ಬಂದದ್ದರಿಂದ.

ನಾನು ಗೌಂಡಿ, ಕಲ್ಲಿನ ಗೋಡೆ ಕಟ್ಟುವವನು. ಅಪ್ಪನೂ ಅಜ್ಜನೂ ಬೀರಪ್ಪ ದೇವರ ಹೆಸರು ಹೇಳಿ ಕುರಿ ಕಾಯ್ದವರು. ನಾನು ಕುರಿ ಬಿಟ್ಟು ಕರಣೆ ಹಿಡಿದೆ. ಇಳಕಲ್, ಹುನಗುಂದ, ಬಾದಾಮಿ ಕಡೆ ಎಷ್ಟೋ ಗೋಡೆ ಎಬ್ಬಿಸಿದ್ದೇನೆ. ಅದರಲ್ಲಿ ಒಂದಕ್ಕೂ ಇಂದಿನವರೆಗೆ ಬೇರೆ ಯಾರೂ ಹಾರೆ ಹಾಕಿಲ್ಲ. ಈ ಮಾತನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಆದರೆ ಒಂದು ಕಟ್ಟಡದ ವಿಷಯ ಬಂದಾಗ ಮಾತ್ರ ಹತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಯಾಕೆಂದು ನನ್ನ ಹೆಂಡತಿಯೊಬ್ಬಳಿಗೆ ಗೊತ್ತಿತ್ತು.

ಎಪ್ಪತ್ತರ ದಶಕದ ನಡುವೆ ಇಳಕಲ್ಲಿನ ನೇಕಾರರ ಓಣಿಯವರು ಒಂದು ವಾಚನಾಲಯ ಕಟ್ಟಬೇಕೆಂದರು. ದಿನವೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವರಿಗೆ ಸಂಜೆಮುಂದೆ ಕೂತು ಪತ್ರಿಕೆ ಓದಲು ಒಂದು ಜಾಗ ಬೇಕಿತ್ತು. ಓಣಿಗೆ ಹಿರಿಯನೆಂದರೆ ಒಬ್ಬ ಮುದುಕ ನೇಕಾರ. ಎಲ್ಲರೂ ಅವನನ್ನು ಮುತ್ಯಾ ಎಂದೇ ಕರೆಯುತ್ತಿದ್ದರು. ಬೇಕಾದಷ್ಟು ಕೆಂಪು ಕಲ್ಲು ಹತ್ತಿರದ ಕ್ವಾರಿಗಳಲ್ಲಿ ಬಿದ್ದಿತ್ತು. ಕಟ್ಟುವವನು ನಾನಿದ್ದೆ. ನಕಾಶೆ ಮಾಡಿಕೊಡಲು ಹುಬ್ಬಳ್ಳಿಯಿಂದ ಒಬ್ಬ ವಾಸ್ತುಶಿಲ್ಪಿ ಬಂದರು. ಮಂಗಳೂರು ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಹುನಗುಂದದಲ್ಲಿ ಹೆಣ್ಣುಮಕ್ಕಳ ವಸತಿಗೃಹಕ್ಕೂ ಬಾದಾಮಿಯಲ್ಲಿ ಒಂದು ದವಾಖಾನೆಗೂ ಅವರೇ ನಕಾಶೆ ಬರೆದಿದ್ದರು. ನಾವು ಅವರಿಗೆ ‘ನಕಾಶಿ ಸಾಹೇಬ್ರು’ ಅನ್ನುತ್ತಿದ್ದೆವು. ಒಂದು ದಿನ ಬಂದು ಜಾಗ ನೋಡಿ, ಮುತ್ಯಾನ ಮನೆಯಲ್ಲಿ ಬಿಸಿ ರೊಟ್ಟಿ ತಿಂದು, ಖಾರಕ್ಕೆ ಕಣ್ಣು ಒರೆಸಿಕೊಳ್ಳುತ್ತ ಹೋದವರು, ತಿಂಗಳಲ್ಲಿ ನಕಾಶೆ ಕಳಿಸಿದರು.

ಆ ನಕಾಶೆ ಮನೆಯ ಮೇಲೆ ಹಾರುವ ಹದ್ದಿಗೆ ಕಂಡಂತೆ ಬರೆದದ್ದು. ಗೋಡೆ ಎಲ್ಲಿ, ಬಾಗಿಲು ಎಲ್ಲಿ, ಎರಡು ಉದ್ದ ಗೋಡೆಗಳಲ್ಲಿ ಆರಾರು ಕಿಂಡಿ ಎಲ್ಲಿ, ಎಲ್ಲ ಇತ್ತು. ಆದರೆ ಹದ್ದಿಗೆ ಎತ್ತರ ತಿಳಿಯುವುದಿಲ್ಲ. ಕಿಂಡಿ ನೆಲದಿಂದ ಎಷ್ಟು ಮೇಲೆ ಇರಬೇಕೆಂದು ಅದರಲ್ಲಿ ಬರೆದಿರಲಿಲ್ಲ. ಮುತ್ಯಾ ಒಂದು ಕಾರ್ಡು ಬರೆಸಿ ಹಾಕಿದ. ಉತ್ತರವಾಗಿ ನೀಲಿ ಇನ್‌ಲ್ಯಾಂಡ್ ಪತ್ರ ಬಂತು. ಎತ್ತರದ ಹಾಳೆಯನ್ನು ಆಮೇಲೆ ಕಳಿಸುವುದಾಗಿ ಹೇಳಿ, ಅಲ್ಲಿಯವರೆಗೆ ಕೆಲಸ ನಿಲ್ಲಬಾರದೆಂದು ನಾಲ್ಕು ಸಾಲು ಬರೆದಿದ್ದರು.

“ತಡಿ, ಪೋಸ್ಟ್ ಮಾಸ್ತರ ಕಡೆ ಓದಿಸ್ಕೊಂಡ ಬರೂಣು,” ಎಂದ ಮುತ್ಯಾ.

“ಯಾಕ? ನನಗೇನ ಓದಾಕ ಬರೂದಿಲ್ಲೇನು?” ಎಂದು ನಾನು ಪತ್ರ ಕಸಿದುಕೊಂಡೆ.

ಕಲ್ಲಿನ ರಾಶಿಯ ಮೇಲೆ ಕೂತು, ಬೆರಳು ಇಟ್ಟು ಇಟ್ಟು ಓದಿದೆ. ‘ಮಾಡಿನ ಕೆಳಗೆ ಸಾಲಾಗಿ ಬೆಳಕಿನ ಕಿಂಡಿಗಳನ್ನು ಬಿಡಿ’ ಎಂದಿತ್ತು. ಅಕ್ಷರ ಒಂದೂ ತಪ್ಪದೆ ಓದಿದೆ.

ಈಗ ನಮ್ಮ ಕಡೆಯ ಮಾತು ಹೇಳಬೇಕು. ನಮ್ಮಲ್ಲಿ ಮನೆಯ ಮೇಲಿನ ಚಾವಣಿಗೆ ಮಾಳಿಗೆ ಅನ್ನುತ್ತೇವೆ. ಮಾಡ ಅಂದರೆ ಗೋಡೆಯ ಹೊಟ್ಟೆಯಲ್ಲಿ ಬಿಟ್ಟ ಗೂಡು; ದೀಪ ಇಡುತ್ತೇವೆ, ಕನ್ನಡಿ ಹಣಿಗೆ ಇಡುತ್ತೇವೆ. ನಾವು ‘ಮಾಡದ ಕೆಳಗೆ’ ಅನ್ನುತ್ತೇವೆ, ಸಾಹೇಬರು ‘ಮಾಡಿನ ಕೆಳಗೆ’ ಎಂದಿದ್ದರು. ಓದಿದವರು, ಶುದ್ಧ ಬರೆದಿದ್ದಾರೆ ಎಂದುಕೊಂಡೆ.

“ಮುತ್ಯಾ, ಕಿಂಡಿ ಮಾಡದ ಕೆಳಗ ಬರಬೇಕಂತ.”

“ನಕಾಶಿಯಾಗ ಮಾಡ ಎಲ್ಲಿ ಅದಾವಲೇ?”

“ನಕಾಶಿಯಾಗ ಇಲ್ಲ. ಪತ್ರದಾಗ ಅದಾವ. ಒಂದೊಂದ ಕಿಂಡಿ ಮ್ಯಾಲ ಒಂದೊಂದ ಮಾಡ ಬಿಡೂದು. ಪುಸ್ತಕ ಇಡಾಕ ಇರಬೇಕ.”

ಮುತ್ಯಾನ ಮುಖ ಅರಳಿತು. “ನೋಡಲೇ, ಒಂದ ದಿನ ಬಂದ ಹೋದಾವ. ನೇಕಾರ ಕುಂತು ಕೆಲಸ ಮಾಡತಾನ, ಅವಗ ಬೆಳಕ ಕೆಳಗ ಬೇಕು ಅಂತ ಹ್ಯಾಂಗ ಗುರುತ ಹಿಡದಾನ!”

ಇಳಕಲ್ಲಿನಲ್ಲಿ ಹುಟ್ಟಿದ ಯಾರಿಗೂ ಇದರಲ್ಲಿ ಅನುಮಾನ ಬರುವುದಿಲ್ಲ. ಮಗ್ಗದ ಮನೆಯಲ್ಲಿ ಕಿಟಕಿ ಇರುವುದೇ ಕೆಳಗೆ, ನೇಯುವವನ ತೊಡೆಯ ಮಟ್ಟದಲ್ಲಿ. ಎಷ್ಟು ಕೆಳಗೆ ಎಂದು ತಿಳಿಯಲು ನಾನು ಮುತ್ಯಾನನ್ನು ಬಯಲಲ್ಲಿ, ಗೋಡೆ ಬರುವ ಗೆರೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಕೂಡ್ರಿಸಿದೆ. ಕೈಗೆ ಪತ್ರಿಕೆ ಕೊಟ್ಟೆ. ಹಾಳೆ ತೊಡೆಯ ಮೇಲೆ ಎಲ್ಲಿಗೆ ಬರುತ್ತದೋ ಅಲ್ಲಿಗೆ ನನ್ನ ಮೊಳ ಹಿಡಿದೆ. ಒಂದು ಮೊಳ, ನಾಲ್ಕು ಬೆರಳು. ಅದೇ ಅಳತೆಗೆ ಹನ್ನೆರಡೂ ಕಿಂಡಿ ಬಿಟ್ಟೆ. ಪ್ರತಿ ಕಿಂಡಿಯ ಮೇಲೆ, ಕೂತವನು ಕೈ ಎತ್ತಿದರೆ ಸಿಗುವಷ್ಟು ಎತ್ತರದಲ್ಲಿ ಒಂದು ಮಾಡ.

ಮಾಳಿಗೆ ಮುಚ್ಚಿ ಎಂಟು ದಿನಕ್ಕೆ ಎತ್ತರದ ಹಾಳೆ ಬಂತು. ಅದರ ಜೊತೆಗೆ ಸಾಹೇಬರು ಮುಂಬಯಿಗೆ ಕೆಲಸಕ್ಕೆ ಹೊರಟ ಸುದ್ದಿಯೂ ಬಂತು. ಹಾಳೆ ಬಿಚ್ಚಿದೆ. ಕಿಂಡಿಗಳು ಮಾಳಿಗೆಯ ಬುಡಕ್ಕೆ ಸಾಲಾಗಿ, ತಂತಿಯ ಮೇಲೆ ಕೂತ ಗುಬ್ಬಿಗಳ ಹಾಗೆ ಇದ್ದವು. ಮಾಡ ಎಂಬುದು ಒಂದೂ ಇರಲಿಲ್ಲ. ಹಾಳೆ ಸುತ್ತಿ ಅಂಗಿಯೊಳಗೆ ಸೇರಿಸಿ ಮನೆಗೆ ತಂದು, ಪತ್ರದ ಜೊತೆ ಟ್ರಂಕಿನ ತಳಕ್ಕೆ ಸೇರಿಸಿ ಬೀಗ ಹಾಕಿದೆ. ಹೆಂಡತಿ ನೋಡಿಬಿಟ್ಟಳು.

“ಏನ್ರಿ ಅದು?”

“ಏನಿಲ್ಲ.”

“ಏನಿಲ್ಲದ್ದಕ್ಕ ಯಾರರ ಬೀಗ ಹಾಕತಾರೇನು?”

ಹೇಳಿದೆ. ಅವಳು ನೇಕಾರರ ಮನೆಗಳಿಗೆ ಕಂಡಿಕೆ ಸುತ್ತಿಕೊಡುವ ಕೆಲಸ ಮಾಡುತ್ತಿದ್ದಳು, ಕೈಯಲ್ಲಿ ನೂಲು ಓಡುತ್ತಲೇ ಇತ್ತು. ನಕ್ಕಳು, ಆದರೆ ಯಾರ ಮುಂದೂ ಬಾಯಿ ಬಿಡಲಿಲ್ಲ. ಅಂದಿನಿಂದ ನನಗೆ ಸಿಟ್ಟು ಬಂದಾಗಲೆಲ್ಲ ಅವಳು, “ಹೌದ್ರಿ, ನೀವು ಓದಿದಾವ್ರು,” ಎನ್ನುತ್ತಿದ್ದಳು.

ವಾಚನಾಲಯ ಶುರುವಾಯಿತು. ಮೊದಲ ವಾರವೇ ಒಂದು ಆಡು ಕಿಂಡಿಯಿಂದ ತಲೆ ತೂರಿಸಿ ಪತ್ರಿಕೆಯ ಅರ್ಧ ಹಾಳೆ ತಿಂದುಹೋಯಿತು. ಆಮೇಲೆ ನಾನೇ ಕಬ್ಬಿಣದ ಸಳಿ ಹಾಕಿದೆ. ಸಂಜೆ ಬಿಸಿಲು ಪಡುವಣದ ಕಿಂಡಿಗಳಿಂದ ಬಂದು ನೇರ ಓದುವವರ ಮಡಿಲಿಗೆ ಬೀಳುತ್ತಿತ್ತು. ಓದಿ ಮುಗಿಸಿದವರು ಏಳದೆ ಕೈ ಎತ್ತಿ ಮಾಡದಲ್ಲಿ ಪುಸ್ತಕ ಇಡುತ್ತಿದ್ದರು. ಬಂದವರೆಲ್ಲ, “ನಕಾಶಿ ಸಾಹೇಬ್ರ ತಲಿ ಭಾಳ ಚೊಲೊ,” ಎನ್ನುತ್ತಿದ್ದರು. ನನಗೆ ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. ಹೊಗಳಿಕೆ ಬೇಕೆಂದರೆ ತಪ್ಪು ಒಪ್ಪಿಕೊಳ್ಳಬೇಕಿತ್ತು.

ಹೀಗೆ ಹತ್ತು ವರ್ಷ ಕಳೆದ ಮೇಲೆ ಒಂದು ದಿನ ಬಾಗಲಕೋಟೆಯಿಂದ ಒಬ್ಬ ಹೆಣ್ಣುಮಗಳು ಬಂದಳು. ಅಲ್ಲಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ವಾರಪತ್ರಿಕೆಗಳ ಕಥೆಗಳಿಗೆ ಚಿತ್ರ ಬರೆದು ಹೆಸರಾಗಿದ್ದಳು. ನಾವೆಲ್ಲ ಅವಳಿಗೆ ಅಕ್ಕೋರು ಎಂದೆವು. ಅಕ್ಕೋರು ಮೂರು ದಿನ ವಾಚನಾಲಯದ ಮೂಲೆಯಲ್ಲಿ ಕೂತು ಬರೆದರು. ಸಳಿ ಎಷ್ಟು ಎಂದು ಎಣಿಸಿ, ನನ್ನನ್ನು ಕರೆದು ಸರಿಯೋ ಇಲ್ಲವೋ ಕೇಳಿದರು. ಮುತ್ಯಾನನ್ನೂ ಬರೆದರು. ಅವನು ನೋಡಿ, “ನನ್ನ ಮೂಗ ಇಷ್ಟ ಉದ್ದ ಐತೇನವಾ? ನಾ ಒಮ್ಮಿನೂ ನೋಡಿಲ್ಲ ನೋಡು,” ಎಂದ.

“ಕಾಕಾ, ಸಾಹೇಬ್ರು ಮುಂಬಯಿಂದ ತಿರುಗಿ ಹುಬ್ಬಳ್ಳಿಗೆ ಬಂದಾರ,” ಎಂದರು ಅಕ್ಕೋರು ನನಗೆ. “ನಮ್ಮ ಜಿಲ್ಲಾದಾಗ ಅವರು ಮಾಡಿದ ಕಟ್ಟಡಗೋಳನ್ನ ನಾ ನನ್ನ ಕಣ್ಣಿಗೆ ಕಂಡಾಂಗ ಬರ್ಯಾಕತ್ತೇನಿ. ಬಾಗಲಕೋಟ್ಯಾಗ ಪ್ರದರ್ಶನ ಇಡ್ತೇನಿ. ನನ್ನ ಒಂದೊಂದ ಚಿತ್ರದ ಬಾಜೂಕ ಅವರ ಖಾಸ ನಕಾಶಿ ತೂಗಹಾಕೋದು. ನೀವು ಬರಬೇಕ ನೋಡ್ರಿ.”

“ಯಾವ ನಕಾಶಿ, ಅಕ್ಕೋರ? ಮ್ಯಾಲಿಂದ ನೋಡಿದ್ದೋ, ಎತ್ತರದ್ದೋ?”

“ಎತ್ತರದ್ದ. ಅದ ಮಂದಿಗೆ ತಿಳಿಯೂದು.”

ಅಂದಿನಿಂದ ನನಗೆ ಊಟ ಸೇರಲಿಲ್ಲ. ಪಕ್ಕಪಕ್ಕ ತೂಗುಹಾಕಿದ ಮೇಲೆ ಕುರುಡನಿಗೂ ತಿಳಿಯುತ್ತದೆ: ಇಲ್ಲಿ ಕಿಂಡಿ ಮೇಲೆ, ಅಲ್ಲಿ ಕಿಂಡಿ ಕೆಳಗೆ. ಬಾಗಲಕೋಟೆಯ ಓದಿದ ಜನರೆಲ್ಲರ ಮುಂದೆ, ಇವನು ನಕಾಶೆ ತಿಳಿಯದ ಗೌಂಡಿ ಎಂದಾಗುತ್ತದೆ. ನಾನು ಹೋಗುವುದಿಲ್ಲ, ಶಿರೂರಿನಲ್ಲಿ ಕೆಲಸ ಇದೆ ಎಂದೆ.

“ಬಾಗಲಕೋಟಿ ಬಸ್ಸ ಶಿರೂರ ಮ್ಯಾಲ ಹೋಗತೈತಿ,” ಎಂದಳು ಹೆಂಡತಿ. “ನೀವು ಹೋಗದಿದ್ರ ಏನ, ನಕಾಶಿ ಮಾಯ ಆಗತೈತೇನು? ಬೈಸ್ಕೋಳೂದಿದ್ರ ಮುಂದ ನಿಂತ ಬೈಸ್ಕೋರಿ. ಹಿಂದ ಬೈಸ್ಕೊಂಡ್ರ ಇನ್ನೂ ಕೆಟ್ಟ.” ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು. ಬಸ್ಸಿನಲ್ಲಿ ಹುನಗುಂದ ದಾಟಿದ ಮೇಲೆ ಕಿಸೆಗೆ ಕೈ ಹಾಕಿದೆ. ಆ ನೀಲಿ ಪತ್ರ ಅಲ್ಲಿತ್ತು. ಟ್ರಂಕಿನಿಂದ ತೆಗೆದು ಅವಳೇ ಇಟ್ಟಿದ್ದಳು.

ಪ್ರದರ್ಶನ ಇದ್ದದ್ದು ಶಾಲೆಯ ದೊಡ್ಡ ಕೋಣೆಯಲ್ಲಿ. ಒಳಗೆ ಹೋದವನೇ ರೂಢಿಯಂತೆ ಮೊದಲು ಗೋಡೆ ನೋಡಿದೆ. ಚಿತ್ರವೊಂದು ವಾಲಿದೆ ಎಂದು ಇಬ್ಬರು ಹುಡುಗಿಯರು ಮತ್ತೆ ಮತ್ತೆ ಸರಿಪಡಿಸುತ್ತಿದ್ದರು. “ಚಿತ್ರ ಸೊಟ್ಟ ಇಲ್ಲವಾ, ಗ್ವಾಡಿ ಸೊಟ್ಟ ಐತಿ. ಬಿಡ್ರಿ,” ಎಂದೆ.

ಆಮೇಲೆ ಚಿತ್ರ ನೋಡಿದೆ. ನಾನು ಚಿತ್ರ ಅಂದರೆ ಕ್ಯಾಲೆಂಡರ್ ಎಂದು ತಿಳಿದವನು. ಇವು ಬೇರೆ ಇದ್ದವು. ಬಾದಾಮಿಯ ದವಾಖಾನೆ, ಆ ಕೆಂಪು ಬಂಡೆಗಳ ಬುಡದಲ್ಲಿ ಮಲಗಿದ ಕೆಂಪು ಆಕಳಾಗಿತ್ತು. ರೋಗಿಗಳು ಕರುಗಳ ಹಾಗೆ ಅದರ ಹೊಟ್ಟೆಗೆ ಒರಗಿ ಕೂತಿದ್ದರು. ಹುನಗುಂದದ ವಸತಿಗೃಹದ ಮೆಟ್ಟಿಲು ಒಂದು ಉದ್ದ ಜಡೆಯಾಗಿತ್ತು. ಹೆಣ್ಣುಮಕ್ಕಳು ಹೂವಿನ ಹಾಗೆ ಅದರ ಹೆಣಿಕೆಯಲ್ಲಿ ನಿಂತಿದ್ದರು. ಆ ಮೆಟ್ಟಿಲಿನ ಕಲ್ಲು ನಾನು ಹೊತ್ತದ್ದು. ಅದು ಜಡೆಯ ಹಾಗೆ ತಿರುಗುತ್ತದೆ ಎಂದು ಹೊರುವಾಗ ಬೆನ್ನಿಗೆ ಗೊತ್ತಾಗಿತ್ತು, ಕಣ್ಣಿಗೆ ಗೊತ್ತಾಗಿರಲಿಲ್ಲ. ಮೂರನೆಯದು ನಮ್ಮ ವಾಚನಾಲಯ. ಇಡೀ ಕೋಣೆಯೇ ಮಗ್ಗ. ಕೆಳಗಿನ ಕಿಂಡಿಗಳಿಂದ ಬಂದ ಬೆಳಕಿನ ಎಳೆಗಳು ಹಾಸು, ಅವುಗಳ ನಡುವೆ ಕೂತು ಓದುವವರು ಹೊಕ್ಕು. ಉದ್ದ ಮೂಗಿನ ಮುತ್ಯಾ ನಟ್ಟನಡುವೆ. ಪ್ರತಿ ಕಿಂಡಿಯ ಮೇಲೆ ಒಂದೊಂದು ಮಾಡ. ನನ್ನ ಮಾಡ.

ಅದರ ಪಕ್ಕದಲ್ಲಿ ಸಾಹೇಬರ ಹಾಳೆ. ಗುಬ್ಬಿಗಳು ತಂತಿಯ ಮೇಲೆ ಹಾಗೆಯೇ ಕೂತಿದ್ದವು.

ಸಾಹೇಬರು ಅಲ್ಲೇ ನಿಂತಿದ್ದರು, ತಲೆಗೂದಲು ಸ್ವಲ್ಪ ಬೆಳ್ಳಗಾಗಿತ್ತು. ನನ್ನ ಗುರುತು ಸಿಗಲಿಲ್ಲ. ನಾನು ಮೆಲ್ಲಗೆ ಬಾಗಿಲ ಕಡೆ ಸರಿದೆ. ಅವರ ಜೊತೆ ಕೊಡೆ ಹಿಡಿದ ಒಬ್ಬ ನಿವೃತ್ತ ಎಂಜಿನಿಯರರು. ಅವರು ಕೊಡೆಯ ತುದಿಯಿಂದ ಹಾಳೆ ತೋರಿಸಿದರು, ಚಿತ್ರ ತೋರಿಸಿದರು.

“ಏನ್ರಿ ಅಕ್ಕೋರ, ಸಾಹೇಬ್ರು ಕಿಂಡಿ ಮಾಳಗಿ ಬುಡಕ್ಕ ಬರದಾರ. ನೀವು ಇಳಿಸಿ ನೆಲಕ್ಕ ತಂದೀರಲ್ಲ!”

“ಅಲ್ಲಿ ಹಾಂಗ ಅದಾವ್ರಿ. ನಾ ಮೂರ ದಿನ ಕುಂತು ಬರದೇನಿ. ಇದ್ದದ್ದ ಬರದೇನಿ.”

“ಹಂಗಾರ ದವಾಖಾನಿ ಆಕಳಾಗಿ ಮಲಗಿದ್ದೂ ಇದ್ದದ್ದ ಏನು?”

ಸುತ್ತ ನಿಂತವರು ನಕ್ಕರು. ಸಾಹೇಬರು ಮೆತ್ತಗೆ, “ಬಿಡಿ, ಚಿತ್ರ ಬರೆಯುವವರಿಗೆ ಅಷ್ಟು ಸ್ವಾತಂತ್ರ್ಯ ಬೇಕು. ಆದರೆ ನಾನು ಕಿಂಡಿ ಇಟ್ಟದ್ದು ಮೇಲೆಯೇ. ಸೆಕೆ ಹೊರಗೆ ಹೋಗಬೇಕಲ್ಲ,” ಎಂದರು. ಕಟ್ಟಡ ಎದ್ದ ಮೇಲೆ ಅವರು ಒಮ್ಮೆಯೂ ಇಳಕಲ್ಲಿಗೆ ಬಂದಿರಲಿಲ್ಲ.

ಅಕ್ಕೋರ ಮುಖ ಕೆಂಪಾಯಿತು. ಹುಡುಕುವವರ ಹಾಗೆ ಸುತ್ತ ನೋಡಿದರು. ಬಾಗಿಲ ಹತ್ತಿರ ನಿಂತ ನಾನು ಅವರ ಕಣ್ಣಿಗೆ ಬಿದ್ದೆ.

“ಕಟ್ಟಿದಾವ್ರ ಅಲ್ಲೇ ನಿಂತಾರ. ಅವರನ್ನ ಕೇಳ್ರಿ.”

ಎಲ್ಲರೂ ತಿರುಗಿದರು. ಒಂದು ಕ್ಷಣ ನನಗೆ ದಾರಿ ಕಂಡಿತು. ‘ಕಿಂಡಿ ಮ್ಯಾಲ ಅದಾವ್ರಿ, ಅಕ್ಕೋರು ಚಂದ ಕಾಣಲಿ ಅಂತ ಕೆಳಗ ಬರದಾರ’ ಎಂದರೆ ಮುಗಿಯಿತು. ನಗುತ್ತ ಎಲ್ಲರೂ ಚಹಾ ಕುಡಿಯಲು ಹೋಗುತ್ತಾರೆ. ನೋಡಿ ಬರಲು ಇಳಕಲ್ಲಿಗೆ ಯಾರು ಹೋಗುತ್ತಾರೆ? ನನ್ನ ಮಾನ ಉಳಿಯುತ್ತದೆ. ಆದರೆ ಸಳಿ ಎಣಿಸಿ ಎಣಿಸಿ ಬರೆದ ಹೆಣ್ಣುಮಗಳು ಸುಳ್ಳುಗಾರ್ತಿಯಾಗುತ್ತಾಳೆ. ಅಳತೆಗೆ ತಕ್ಕ ಕೆಲಸ ಮಾಡಿದವರಿಗೆ ಅನ್ಯಾಯ ಮಾಡಿ ಉಳಿಸಿಕೊಂಡ ಮಾನವನ್ನು ಎಲ್ಲಿ ಇಟ್ಟುಕೊಳ್ಳಲಿ?

“ಅಕ್ಕೋರು ಬರದದ್ದ ಖರೆ ಐತ್ರಿ,” ಎಂದೆ. “ಕಿಂಡಿ ಕೆಳಗ ಅದಾವ. ತಪ್ಪ ನಂದು.” ಕಿಸೆಯಿಂದ ಪತ್ರ ತೆಗೆದು ಸಾಹೇಬರ ಕೈಗೆ ಕೊಟ್ಟೆ. “ಮಾಡದ ಕೆಳಗ ಅಂತ ನೀವು ಬರದಿದ್ರಿ. ನಾ ಮಾಡಾನೂ ಕಟ್ಟಿದೆ, ಕೆಳಗ ಕಿಂಡಿನೂ ಬಿಟ್ಟೆ.”

ಸಾಹೇಬರು ತಮ್ಮದೇ ಅಕ್ಷರ ಓದಿದರು. ಇನ್ನೊಮ್ಮೆ ಓದಿದರು. ಚಿತ್ರದಲ್ಲಿದ್ದ ಮಾಡಗಳನ್ನು ಒಂದೊಂದಾಗಿ ನೋಡಿದರು.

“ಅಯ್ಯೋ ಮಾರಾಯ್ರೆ!” ಎಂದರು. “ನಮ್ಮ ಊರಲ್ಲಿ ಮಾಡು ಅಂದರೆ ಮನೆಯ ಮೇಲಿನದ್ದು. ಹಂಚಿನ ಮಾಡು, ಹುಲ್ಲಿನ ಮಾಡು. ನಿಮ್ಮಲ್ಲಿ ಅದು ಗೋಡೆಯೊಳಗೆ ಉಂಟಾ?” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುತ್ಯಾನ ಮನೆಯ ಖಾರಕ್ಕೆ ಬಂದಂಥದೇ ನೀರು.

ಎಂಜಿನಿಯರರು ಬಿಡಲಿಲ್ಲ. “ಅಂದ್ರ ನೀವು ತಪ್ಪ ಕಟ್ಟೀರಿ ಅಂದಂಗಾತು.”

“ಹೌದ್ರಿ, ತಪ್ಪ ಕಟ್ಟೇನಿ,” ಎಂದೆ. “ಆದ್ರ ಸೊಟ್ಟ ಕಟ್ಟಿಲ್ಲ.”

ಸಾಹೇಬರು ಅವತ್ತೇ ನೋಡಬೇಕೆಂದು ಹಟ ಹಿಡಿದರು. ಅವರ ಜೀಪಿನಲ್ಲಿ ಅವರು, ಅಕ್ಕೋರು, ನಾನು ಮೂವರೂ ಹೊರಟು, ಇಳಕಲ್ ಮುಟ್ಟಿದಾಗ ಬಿಸಿಲು ಪಡುವಣಕ್ಕೆ ವಾಲಿತ್ತು. ಮುತ್ಯಾ ತನ್ನ ಜಾಗದಲ್ಲಿ, ನೂಲಿನಿಂದ ಕಟ್ಟಿದ ಕನ್ನಡಕ ಹಾಕಿಕೊಂಡು ಓದುತ್ತಿದ್ದ. ಸಾಹೇಬರು ಬೂಟು ಬಿಚ್ಚಿ ಇನ್ನೊಂದು ಕಿಂಡಿಯ ಪಕ್ಕ ನೆಲಕ್ಕೆ ಕೂತರು. ಯಾರೂ ಹೇಳದೆ ಅವರ ಕೈ ಮೇಲಕ್ಕೆ ಹೋಗಿ ಮಾಡದಿಂದ ಒಂದು ಪುಸ್ತಕ ತೆಗೆಯಿತು. ಬೆಳಕು ಅವರ ಮಡಿಲಲ್ಲೇ ಇತ್ತು. ಎರಡು ಪುಟ ಓದಿದರು. ನಾನು ಬಾಗಿಲಲ್ಲಿ ನಿಂತು ಅವರ ಮುಖವನ್ನೇ ನೋಡುತ್ತಿದ್ದೆ.

“ಯಾರು ಅಳತೆ ತೆಗೆದದ್ದು?” ಎಂದು ಕೇಳಿದರು ಕಡೆಗೆ.

ನಾನು ಬಾಯಿ ತೆರೆಯುವುದರೊಳಗೆ ಮುತ್ಯಾ, “ಇಂವನ,” ಎಂದ. “ನನ್ನ ಬಿಸಲಾಗ ಕೂಡ್ರಿಸಿ ತಗೊಂಡಾನ.”

“ಮುತ್ಯಾ, ನಿನಗ ಗೊತ್ತಿತ್ತೇನು? ಇಷ್ಟ ವರ್ಷ ಸಾಹೇಬ್ರ ತಲಿ, ಸಾಹೇಬ್ರ ತಲಿ ಅಂತಿದ್ದಿ?”

“ಹುಬ್ಬಳ್ಳ್ಯಾಗ ಕುಂತಾವಗ ನನ್ನ ಮಡಲ ಅಳತಿ ಹ್ಯಾಂಗ ಗೊತ್ತಾಗಬೇಕಲೇ? ನೀ ಒಂದಿನ ಬಾಯಿ ಬಿಡ್ತಿ ಅಂತ ಹಾದಿ ನೋಡಿದೆ. ನೀ ಬಿಡಲಿಲ್ಲ. ನನಗೂ ಹಟ ಬಂತು.”

ಅಕ್ಕೋರು ನಕ್ಕು ನಕ್ಕು ಗೋಡೆಗೆ ಒರಗಿದರು. ನನಗೂ ನಗು ಬಂತು, ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಇಳಿಸಿದ ಮೇಲೆ ಇನ್ನೊಂದು ಖರೆ ಮಾತನ್ನೂ ಹೇಳಿಬಿಡಬೇಕು ಅನಿಸಿತು. “ಸಾಹೇಬ್ರ, ಬೆಳಕೇನೋ ಚೊಲೊ ಐತಿ. ಆದ್ರ ಬ್ಯಾಸಗಿಯಾಗ ಒಳಗ ಭಾಳ ಧಗಿ. ನೀವು ಸೆಕಿ ಹೊರಗ ಹೋಗಬೇಕು ಅಂದದ್ದೂ ಖರೆ ಐತಿ.”

“ಹಾಗಾದರೆ ಮೇಲೆಯೂ ತೆಗೆಯುವ,” ಎಂದರು ಅವರು. “ನಿಮ್ಮ ಗೋಡೆ ಒಪ್ಪಬೇಕಲ್ಲ.”

ಅಕ್ಕೋರ ಪೆನ್ಸಿಲು ಇಸಿದುಕೊಂಡು, ನೆಲದ ಮೇಲೆ ಒಂದು ಹಾಳೆಯಲ್ಲಿ ವಾಚನಾಲಯವನ್ನು ಹೊಸದಾಗಿ ಬರೆದರು. ಮಾಡದ ಕೆಳಗೆ ಹನ್ನೆರಡು ಕಿಂಡಿ, ಮಾಳಿಗೆಯ ಕೆಳಗೆ ನಾಲ್ಕು. ಕೆಳಗಿನ ಕಿಂಡಿಯ ಎತ್ತರ ಕೇಳಿದರು. ಒಂದು ಮೊಳ, ನಾಲ್ಕು ಬೆರಳು ಎಂದೆ. “ಯಾರ ಮೊಳ?” ಎಂದರು. “ನಂದ್ರಿ,” ಎಂದೆ. ಹಾಗೆಯೇ ಬರೆದುಕೊಂಡರು: ಗೌಂಡಿಯವರ ಮೊಳ. ಮರುದಿನ ಪ್ರದರ್ಶನದಲ್ಲಿ ಹಳೆಯ ಹಾಳೆಯ ಕೆಳಗೆ ಆ ಹಾಳೆಯನ್ನೂ ತೂಗುಹಾಕಿಸಿದರು. ಹೆಂಡತಿಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವಳಿಗೆ ಓದು ಬಾರದು. ನಾನು ಓದಿ ಹೇಳಿದೆ.

“ಖರೇನ ಹಾಂಗ ಬರದೈತೋ,” ಎಂದಳು, “ನೀವು ಓದಿದ್ದೋ?”

ಪಕ್ಕದಲ್ಲಿದ್ದ ಹುಡುಗಿಯಿಂದ ಇನ್ನೊಮ್ಮೆ ಓದಿಸಿಕೊಂಡ ಮೇಲೆಯೇ ನಂಬಿದಳು.

ಆ ಬೇಸಿಗೆಯ ಮೊದಲು ಮೇಲಿನ ನಾಲ್ಕು ಕಿಂಡಿ ತೆಗೆದೆವು. ಬೇರೆ ಗೌಂಡಿಯನ್ನು ಕರೆಯೋಣ ಎಂದು ಓಣಿಯವರು ಅಂದರು, ನಾನು ಬಿಡಲಿಲ್ಲ. ನಿಚ್ಚಣಿಕೆ ಹತ್ತಿ, ನನ್ನ ಗೋಡೆಗೆ ನಾನೇ ಹಾರೆ ಹಾಕಿದೆ. ಕಲ್ಲು ಸುಲಭಕ್ಕೆ ಬರಲಿಲ್ಲ. ಅದಕ್ಕೆ ನನಗೆ ಸಂತೋಷವೇ ಆಯಿತು. ಮೊದಲ ಕಲ್ಲು ಕಿತ್ತಾಗ ಒಳಗಿನ ಬಿಸಿ ಗಾಳಿ ನನ್ನ ಮುಖಕ್ಕೆ ಹೊಡೆದು ಹೊರಗೆ ಹೋಯಿತು.

ಕೆಲಸ ಮುಗಿದ ದಿನ ನೋಡಲು ಬಂದ ಅಕ್ಕೋರು ನಡುಕೋಣೆಯಲ್ಲಿ ನಿಂತು ಮೇಲೆ ನೋಡಿದರು, ಕೆಳಗೆ ನೋಡಿದರು.

“ಏನ್ ಕಾಕಾ ಇದು? ಅಷ್ಟ ಮಂದಿ ಮುಂದ ನನ್ನ ಚಿತ್ರ ಖರೆ ಅಂತ ಹೇಳಿ, ಈಗ ಅದನ್ನ ಸುಳ್ಳ ಮಾಡಿಬಿಟ್ರಲ್ಲ!”

“ಹಂಗಾರ ಇನ್ನೊಂದ ಬರೀರಿ,” ಎಂದ ಮುತ್ಯಾ, ಪತ್ರಿಕೆಯಿಂದ ತಲೆ ಎತ್ತದೆ. “ಈ ಸಲ ಮೂಗ ಸಣ್ಣದ ಇರಲಿ.”

ಅಕ್ಕೋರು ಚೀಲದಿಂದ ಹಾಳೆ ತೆಗೆದರು. ನಾನು ಹಾರೆ ಒರೆಸಿ ಮೂಲೆಗೆ ಇಟ್ಟು, ಕಿಂಡಿಯ ಪಕ್ಕ ಕೂತು, ಕೈ ಎತ್ತಿ ಮಾಡದಿಂದ ಒಂದು ಪುಸ್ತಕ ತೆಗೆದುಕೊಂಡೆ.